ಕಸದ ಗುಡ್ಡೆಯ ಕಪ್ಪು ನೀರು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಂಚಿಕೆಯ ಪ್ರಶ್ನೆಗಳೆಲ್ಲ ಲೀಚೇಟ್ ಕುರಿತವು. ಲೀಚೇಟ್ ಎಂದರೆ ಲ್ಯಾಂಡ್‌ಫಿಲ್‌ನಲ್ಲಿ ತುಂಬಿದ ಕಸದೊಳಗೆ ಇಳಿದು, ಅಲ್ಲಿ ಕರಗುವುದನ್ನೆಲ್ಲ ಕರಗಿಸಿಕೊಂಡು ಹೊರಬರುವ ದ್ರವ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಚಿಕ್ಕದಾಗಿಸಿದ್ದೇವೆ.

ಪ್ರಶ್ನೆ: ಮಳೆ ನಿಂತು ಎರಡು ತಿಂಗಳಾದರೂ ಗುಡ್ಡೆಯ ಬುಡದಿಂದ ಕಪ್ಪು ನೀರು ಜಿನುಗುತ್ತಲೇ ಇರುತ್ತದೆ. ಅಷ್ಟು ನೀರು ಬರುವುದಾದರೂ ಎಲ್ಲಿಂದ?

ಉತ್ತರ: ಬಹುಪಾಲು ಆ ಹಳೆಯ ಮಳೆಯೇ, ತಡವಾಗಿ ಬರುತ್ತಿದೆ ಅಷ್ಟೆ. ಜೊತೆಗೆ ಕಸದೊಳಗಿನ ನೀರೂ ಸೇರುತ್ತದೆ. ಅಡುಗೆಮನೆಯ ಹಸಿ ಕಸದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಮೇಲೆ ಹತ್ತು ಮೀಟರ್ ಕಸ ಬಿದ್ದು ಭಾರ ಕೂತಾಗ ಒದ್ದೆ ಬಟ್ಟೆ ಹಿಂಡಿದಂತೆ ಅದು ಇಳಿಯುತ್ತದೆ. ಕಸ ಕೊಳೆಯುವಾಗ ನೀರು ಹುಟ್ಟುತ್ತದೆ ಎಂದು ಹಲವರು ಬರೆದಿದ್ದಾರೆ. ಗಾಳಿಯಿಲ್ಲದೆ ಕೊಳೆತು ಮೀಥೇನ್ ಆಗುವಾಗ ನೀರು ಸ್ವಲ್ಪ ಖರ್ಚಾಗುತ್ತದೆ, ಹುಟ್ಟುವುದಿಲ್ಲ.

ಪ್ರಮಾಣದ ಅಂದಾಜು ಸುಲಭ. ಒಂದು ಹೆಕ್ಟೇರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್. ವರ್ಷಕ್ಕೆ 1,000 ಮಿ.ಮೀ. ಮಳೆಯಾಗಿ, ಮುಚ್ಚದ ರಾಶಿಯೊಳಗೆ ಅದರ 40 ಶೇಕಡಾ ಇಳಿಯಿತು ಎಂದಿಟ್ಟುಕೊಂಡರೆ 40 ಲಕ್ಷ ಲೀಟರ್, ಅಂದರೆ ದಿನಕ್ಕೆ ಸರಾಸರಿ 11,000 ಲೀಟರ್ ಲೀಚೇಟ್. ಅದೇ ಜಾಗಕ್ಕೆ ಸರಿಯಾದ ಮುಚ್ಚಿಗೆ ಹಾಕಿ ಒಳಹೋಗುವುದನ್ನು 5 ಶೇಕಡಾಕ್ಕೆ ಇಳಿಸಿದರೆ ವರ್ಷಕ್ಕೆ 5 ಲಕ್ಷ ಲೀಟರ್. ಉಳಿದ 35 ಲಕ್ಷ ಲೀಟರನ್ನು ಶುದ್ಧೀಕರಿಸುವ ಖರ್ಚಿಗೆ ಹೋಲಿಸಿದರೆ ಟಾರ್ಪಾಲಿನ್, ಅಂಚಿನ ಚರಂಡಿ, ಮಣ್ಣಿನ ಹೊದಿಕೆ ಎಲ್ಲವೂ ಅಗ್ಗ. ದಿನವೂ ಕಸ ಸುರಿಯುವ ಮುಖ ಆದಷ್ಟು ಚಿಕ್ಕದಿರಲಿ. ಮೇಲಿನ ಇಳಿಜಾರಿನಿಂದ ಬರುವ ಮಳೆನೀರು ಕಸ ಮುಟ್ಟುವ ಮೊದಲೇ ಬೇರೆ ಕಾಲುವೆ ಹಿಡಿಯಲಿ.

ಬುಡದಲ್ಲಿ ಒಸರುವುದಕ್ಕೆ ಇನ್ನೊಂದು ಕಾರಣವಿದೆ. ದಿನದ ಕೆಲಸ ಮುಗಿದ ಮೇಲೆ ಹಾಸುವ ಮಣ್ಣಿನ ಪದರಗಳೂ ಪ್ಲಾಸ್ಟಿಕ್ ಚೀಲಗಳೂ ನೀರನ್ನು ಒಳಗೆ ಅಲ್ಲಲ್ಲಿ ಕಟ್ಟಿ ನಿಲ್ಲಿಸುತ್ತವೆ. ಅಂಥ ಪದರ ಅಂಚಿಗೆ ಬಂದಲ್ಲಿ ನೀರು ಪಕ್ಕದಿಂದ ಹೊರಡುತ್ತದೆ. ಒಸರು ಕಂಡಲ್ಲಿ ಮೇಲಿಂದ ಜೇಡಿ ಮೆತ್ತುವುದು ವಾಡಿಕೆ. ಹಾಗೆ ಮಾಡಿದರೆ ನಾಲ್ಕು ಮೀಟರ್ ಆಚೆ ಇನ್ನೊಂದು ಒಸರು ಹುಟ್ಟುತ್ತದೆ. ಜಾಗ ಅಗೆದು, ಅಡ್ಡವಿರುವ ಮಣ್ಣಿನ ಪದರವನ್ನು ಒಡೆದು, ದಪ್ಪ ಜಲ್ಲಿ ತುಂಬಿ ನೀರಿಗೆ ಕೆಳಕ್ಕೆ ದಾರಿ ಕೊಡಿ, ಆಮೇಲೆ ಮುಚ್ಚಿ.

ಪ್ರಶ್ನೆ: ಲ್ಯಾಂಡ್‌ಫಿಲ್‌ನಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ನಮ್ಮ ಬಾವಿ. ನೀರು ತಿಳಿಯಾಗಿಯೇ ಬರುತ್ತದೆ, ಬಿಂದಿಗೆಯಲ್ಲಿಟ್ಟ ಗಂಟೆಯೊಳಗೆ ಕೆಂಚಗಾಗುತ್ತದೆ. ಲೀಚೇಟ್ ಸೇರಿದೆಯೇ? ಯಾವ ಪರೀಕ್ಷೆ ಮಾಡಿಸಬೇಕು?

ಉತ್ತರ: ಕೆಂಚಗಾದದ್ದು ಕರಗಿದ ಕಬ್ಬಿಣ ಗಾಳಿ ತಗುಲಿ ತುಕ್ಕಾದದ್ದರಿಂದ. ಕಬ್ಬಿಣ ಎಷ್ಟೋ ಬಾವಿಗಳಲ್ಲಿ ತಾನಾಗಿಯೇ ಇರುತ್ತದೆ, ಆದ್ದರಿಂದ ಅದೊಂದರಿಂದ ತೀರ್ಮಾನಕ್ಕೆ ಬರಬೇಡಿ.

ಮೊದಲು ಮೂರೇ ಮೂರು ಅಳತೆ ಸಾಕು: ವಿದ್ಯುತ್ ವಾಹಕತೆ, ಕ್ಲೋರೈಡ್, ಅಮೋನಿಯಾ ಸಾರಜನಕ. ಕ್ಲೋರೈಡ್ ಮಣ್ಣಿಗೆ ಅಂಟುವುದಿಲ್ಲ, ಕೊಳೆಯುವುದಿಲ್ಲ, ನೀರಿನ ವೇಗದಲ್ಲೇ ಸಾಗುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮೊದಲು ಬಾವಿ ತಲುಪುವುದು ಅದೇ. ಅಮೋನಿಯಾ ಜೇಡಿಯ ಕಣಗಳಿಗೆ ಅಂಟಿ ಅಂಟಿ ನಿಧಾನಕ್ಕೆ ಬರುತ್ತದೆ. ಈ ಮೂರರಲ್ಲಿ ಏರಿಕೆ ಕಂಡರೆ ಪೊಟ್ಯಾಸಿಯಂ, ಬೋರಾನ್, ಕ್ಷಾರೀಯತೆ (ಹುಳಿಯನ್ನು ತಡೆದುಕೊಳ್ಳುವ ನೀರಿನ ಶಕ್ತಿ), ಕಬ್ಬಿಣ, ಮ್ಯಾಂಗನೀಸ್, ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕದಿಂದ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕ) ಪರೀಕ್ಷೆಗೆ ಹೋಗಿ. ನೈಟ್ರೇಟನ್ನು ಮರೆಯಬೇಡಿ, ಕಳ್ಳ ಯಾರೆಂದು ಹೇಳುವುದು ಅದೇ. ಶೌಚಗುಂಡಿ ಅಥವಾ ಗೊಬ್ಬರ ಕಾರಣವಾಗಿದ್ದರೆ ಸಾಮಾನ್ಯವಾಗಿ ನೈಟ್ರೇಟ್ ಹೆಚ್ಚಿರುತ್ತದೆ. ಲೀಚೇಟ್ ಹರಡಿದ ಅಂತರ್ಜಲದ ನಡುಭಾಗದಲ್ಲಿ ಆಮ್ಲಜನಕವೇ ಇರುವುದಿಲ್ಲ, ಹಾಗಾಗಿ ಅಮೋನಿಯಾ ಹೆಚ್ಚು, ನೈಟ್ರೇಟ್ ಸೊನ್ನೆಗೆ ಹತ್ತಿರ. ಇ-ಕೋಲಿ ಸಿಕ್ಕರೆ ಅನುಮಾನ ಮೊದಲು ಹತ್ತಿರದ ಶೌಚಗುಂಡಿಯ ಮೇಲೆ ಹೋಗಲಿ.

ಸಂಖ್ಯೆಗಳಿಗೆ ಅರ್ಥ ಬರುವುದು ಹೋಲಿಕೆಯಿಂದ. ಲ್ಯಾಂಡ್‌ಫಿಲ್‌ಗಿಂತ ಮೇಲ್ಹರಿವಿನಲ್ಲಿರುವ ಒಂದು ಬಾವಿಯ ನೀರನ್ನೂ ಅದೇ ದಿನ ತೆಗೆಯಿರಿ. ಅಂತರ್ಜಲ ಯಾವ ಕಡೆ ಹರಿಯುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಒಂದೇ ಸಾಲಿನಲ್ಲಿಲ್ಲದ ಮೂರು ಬಾವಿಗಳ ನೀರಿನ ಮಟ್ಟವನ್ನು ಒಂದೇ ಆಧಾರ ಎತ್ತರಕ್ಕೆ ಅಳೆದರೆ ದಿಕ್ಕು ಸಿಗುತ್ತದೆ. ನೆಲದ ಇಳಿಜಾರು ನೋಡಿ ಊಹಿಸಿದರೆ ಮೋಸ ಹೋಗಬಹುದು, ದೊಡ್ಡ ಪಂಪ್ ಒಂದು ಓಡುತ್ತಿದ್ದರೆ ಅದು ಹರಿವನ್ನೇ ತನ್ನ ಕಡೆ ತಿರುಗಿಸಿಕೊಳ್ಳುತ್ತದೆ. ವೇಗದ ಒಂದು ಮಾದರಿ ಲೆಕ್ಕ: ನೀರನ್ನು ಹರಿಯಬಿಡುವ ವಾಹಕತೆ ದಿನಕ್ಕೆ 10 ಮೀಟರ್ ಇರುವ ಮರಳು, ಅಂತರ್ಜಲ ಮಟ್ಟಕ್ಕೆ ಸಾವಿರಕ್ಕೆ ಐದರ ಇಳಿಜಾರು, 25 ಶೇಕಡಾ ರಂಧ್ರ. ನೀರು ದಿನಕ್ಕೆ 20 ಸೆಂ.ಮೀ., ವರ್ಷಕ್ಕೆ 73 ಮೀಟರ್ ಸಾಗುತ್ತದೆ. ನಿಮ್ಮ 500 ಮೀಟರಿಗೆ ಸುಮಾರು ಏಳು ವರ್ಷ. ಬಿರುಕು ಬಂಡೆಯಲ್ಲಾದರೆ ಈ ಲೆಕ್ಕ ಕೈಕೊಡುತ್ತದೆ, ಅಲ್ಲಿ ಬಹಳ ಬೇಗ ಬರಬಹುದು.

ಮಾದರಿ ತೆಗೆಯುವಾಗ ನಡೆಯುವ ತಪ್ಪುಗಳೇ ಹೆಚ್ಚು. ಕೊಳವೆಯಲ್ಲಿ ನಿಂತ ನೀರನ್ನು ಮೂರು ಪಟ್ಟು ಹೊರಹಾಕಿದ ಮೇಲೆ ಬಾಟಲಿ ತುಂಬಬೇಕು. 50 ಮಿ.ಮೀ. ವ್ಯಾಸದ ವೀಕ್ಷಣಾ ಕೊಳವೆಯಲ್ಲಿ 6 ಮೀಟರ್ ನೀರಿದ್ದರೆ ಅದು 12 ಲೀಟರ್, ಅಂದರೆ 36 ಲೀಟರ್ ಹೊರಹೋಗಬೇಕು. ಲೋಹಗಳ ಬಾಟಲಿಗೆ ನೀರನ್ನು ಮೊದಲು 0.45 ಮೈಕ್ರಾನ್ ಜರಡಿಯಲ್ಲಿ ಸೋಸಿ, ಆಮೇಲೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ. ಇದು ತಲೆಕೆಳಗಾದರೆ ಕೆಸರಿಗೆ ಅಂಟಿದ ಲೋಹವೂ ಕರಗಿ, ಇಲ್ಲದ ಮಾಲಿನ್ಯ ವರದಿಯಲ್ಲಿ ಕಾಣುತ್ತದೆ. ಅಮೋನಿಯಾ ಬಾಟಲಿಗೆ ಗಂಧಕಾಮ್ಲ. ಎಲ್ಲವನ್ನೂ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸುಮಾರು 4 ಡಿಗ್ರಿಯಲ್ಲಿ ಸಾಗಿಸಿ. ಒಂದು ಸಲದ ವರದಿ ಸಾಲದು. ಮಳೆಗೆ ಮುಂಚೆ ಒಮ್ಮೆ, ನಂತರ ಒಮ್ಮೆ.

ಪ್ರಶ್ನೆ: ಅಂಥ ನೀರನ್ನು ಕುದಿಸಿ ಕುಡಿದರೆ ಆಗದೇ? ಬ್ಲೀಚಿಂಗ್ ಪುಡಿ ಹಾಕಿದರೆ?

ಉತ್ತರ: ಕುದಿಸಿದರೆ ಸಾಯುವುದು ಸೂಕ್ಷ್ಮಜೀವಿ ಮಾತ್ರ. ನೀರು ಆವಿಯಾದಷ್ಟೂ ಉಪ್ಪು, ಲೋಹ ದಟ್ಟವಾಗುತ್ತವೆ. ಬ್ಲೀಚಿಂಗ್ ಪುಡಿಯನ್ನು ಅಮೋನಿಯಾ ನುಂಗಿಬಿಡುತ್ತದೆ: 1 ಮಿ.ಗ್ರಾಂ ಅಮೋನಿಯಾ ಸಾರಜನಕ ತೀರಲು 8ರಿಂದ 10 ಮಿ.ಗ್ರಾಂ ಕ್ಲೋರಿನ್ ಬೇಕು, ಅದಾದ ಮೇಲಷ್ಟೇ ಕ್ರಿಮಿ ಕೊಲ್ಲಲು ಕ್ಲೋರಿನ್ ಉಳಿಯುವುದು. ಲೀಟರಿಗೆ 5 ಮಿ.ಗ್ರಾಂ ಅಮೋನಿಯಾ ಇದ್ದರೆ 50 ಮಿ.ಗ್ರಾಂ ಕ್ಲೋರಿನ್! ಯಾರೂ ಕುಡಿಯಲಾರರು. ಆರ್‌ಒ ಯಂತ್ರ ಉಪ್ಪನ್ನು ತೆಗೆಯುತ್ತದೆ, ಆದರೆ ಕಬ್ಬಿಣದಿಂದ ಅದರ ಪೊರೆ ಬೇಗ ಕಟ್ಟಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಲೀಚೇಟ್ ಖಚಿತವಾದರೆ ಕುಡಿಯಲು, ಅಡುಗೆಗೆ ಬೇರೆ ಮೂಲ ಹುಡುಕಿ.

ಪ್ರಶ್ನೆ: ಲೀಚೇಟ್ ಎಂದರೆ ಸೀಸ, ಪಾದರಸ, ಕ್ಯಾಡ್ಮಿಯಂ ಎಂದೇ ಓದುತ್ತೇವೆ. ನಿಜವಾಗಿ ಎಷ್ಟಿರುತ್ತದೆ?

ಉತ್ತರ: ಮನೆಗಳ ಕಸ ತುಂಬಿದ ಹಳೆಯ ಲ್ಯಾಂಡ್‌ಫಿಲ್‌ನಲ್ಲಿ ಜನ ಭಾವಿಸುವುದಕ್ಕಿಂತ ಬಹಳ ಕಡಿಮೆ. ಲೋಹ ಕಸದಲ್ಲಿ ಇಲ್ಲವೆಂದಲ್ಲ, ಹೊರಬರುವುದಿಲ್ಲ. ಮೊದಲ ಒಂದೆರಡು ವರ್ಷ ಕಸ ಹುಳಿಯಾಗಿ ಪಿಎಚ್ 5–6ಕ್ಕೆ ಇಳಿದಾಗ ಲೋಹ ಸ್ವಲ್ಪ ಕರಗುತ್ತದೆ. ಆಮೇಲೆ ಮೀಥೇನ್ ಹುಟ್ಟುವ ಹಂತ ಬಂದು ಪಿಎಚ್ 7.5 ದಾಟುತ್ತದೆ. ಸಲ್ಫೇಟ್ ಸಲ್ಫೈಡ್ ಆಗಿ ಲೋಹವನ್ನು ಹಿಡಿದು ಕಲ್ಲಿನಂತೆ ಕೂರಿಸುತ್ತದೆ. ಬ್ಯಾಟರಿ, ಕಾರ್ಖಾನೆಯ ಕೆಸರು, ಸುಟ್ಟ ಬೂದಿ ಸೇರಿದ್ದರೆ ಮಾತು ಬೇರೆ.

ನಮ್ಮ ದೃಷ್ಟಿಯಲ್ಲಿ ಹೆಚ್ಚು ಚಿಂತೆ ಮಾಡಬೇಕಾದವು ಮೂರು. ಅಮೋನಿಯಾ, ಏಕೆಂದರೆ ಗಾಳಿಯಿಲ್ಲದ ಕಸದೊಳಗೆ ಅದನ್ನು ಮುಗಿಸುವ ದಾರಿಯೇ ಇಲ್ಲ; ದಶಕಗಳ ನಂತರವೂ ಲೀಟರಿಗೆ ನೂರಾರು ಮಿ.ಗ್ರಾಂ ಬರುತ್ತಿರುತ್ತದೆ. ಎರಡನೆಯದು ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳು: ನೀರು-ಎಣ್ಣೆ ಅಂಟದ ಕಾಗದ, ಬಟ್ಟೆ, ಕಾರ್ಪೆಟ್‌ಗಳಿಂದ ಬರುತ್ತವೆ, ಜೈವಿಕ ಶುದ್ಧೀಕರಣಕ್ಕೆ ಬಗ್ಗುವುದಿಲ್ಲ. ಗಾಳಿ ಊದುವ ತೊಟ್ಟಿಯಲ್ಲಿ ಇವುಗಳ ಮೂಲರೂಪಗಳು ಒಡೆದು, ಒಳಬಂದದ್ದಕ್ಕಿಂತ ಹೊರಹೋಗುವ ನೀರಿನಲ್ಲಿ ಕೆಲವು ಪಿಎಫ್‌ಎಎಸ್ ಹೆಚ್ಚು ಕಾಣುವುದೂ ಉಂಟು.

ಮೂರನೆಯದು ಆರ್ಸೆನಿಕ್, ಮ್ಯಾಂಗನೀಸ್. ಇದು ಸ್ವಲ್ಪ ವಿಚಿತ್ರ. ಇವು ಕಸದಿಂದ ಬಂದಿರಬೇಕೆಂದಿಲ್ಲ. ಲೀಚೇಟ್ ನೆಲಕ್ಕಿಳಿದಾಗ ಅಲ್ಲಿನ ಸೂಕ್ಷ್ಮಜೀವಿಗಳು ಮೊದಲು ಆಮ್ಲಜನಕ, ಬಳಿಕ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್ ಹೀಗೆ ಸರದಿಯಂತೆ ಉಸಿರಾಟಕ್ಕೆ ಬಳಸುತ್ತ ಹೋಗುತ್ತವೆ. ಡೆನ್ಮಾರ್ಕಿನ ವೇಯೆನ್ ಲ್ಯಾಂಡ್‌ಫಿಲ್ ಕೆಳಗಿನ ಅಂತರ್ಜಲದಲ್ಲಿ ಈ ವಲಯಗಳನ್ನು ಒಂದರ ಪಕ್ಕ ಒಂದರಂತೆ ನಕ್ಷೆ ಮಾಡಿದ್ದಾರೆ. ಕಬ್ಬಿಣದ ಸರದಿ ಬಂದು ಮಣ್ಣಿನ ತುಕ್ಕು ಕರಗಿದಾಗ ಅದಕ್ಕೆ ಯುಗಯುಗಗಳಿಂದ ಅಂಟಿದ್ದ ಆರ್ಸೆನಿಕ್ ನೀರಿಗೆ ಬೀಳುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 0.01 ಮಿ.ಗ್ರಾಂ. ಕಸದಲ್ಲಿ ಆರ್ಸೆನಿಕ್ ಇರಲಿಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆ: ತಳಕ್ಕೆ ಹೆಚ್‌ಡಿಪಿಇ ಎಂಬ ಪ್ಲಾಸ್ಟಿಕ್ ಹಾಳೆ ಹಾಕಿದ ಮೇಲೂ ಸೋರುತ್ತದೆ ಎನ್ನುತ್ತಾರೆ. ಹಾಗಾದರೆ ಹಾಳೆ ಏಕೆ? (ಸಿವಿಲ್ ವಿದ್ಯಾರ್ಥಿ)

ಉತ್ತರ: ಹಾಳೆ ಒಂದೇ ಕಾಯುತ್ತದೆ ಎಂದು ಯಾರೂ ಹೇಳಿಲ್ಲ. ರೂಢಿಯಲ್ಲಿರುವ ತಳ ಹೀಗೆ: 60 ಸೆಂ.ಮೀ. ಗಟ್ಟಿಸಿದ ಜೇಡಿ, ಅದಕ್ಕೆ ಅಂಟಿಕೊಂಡು 1.5 ಮಿ.ಮೀ. ಹಾಳೆ, ಹಾಳೆಗೆ ಜಲ್ಲಿ ಚುಚ್ಚದಂತೆ ದಪ್ಪ ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್, ಮೇಲೆ 30 ಸೆಂ.ಮೀ. ಜಲ್ಲಿ, ಜಲ್ಲಿಯೊಳಗೆ ತೂತುಗಳಿರುವ ಕೊಳವೆ, ಕೊನೆಗೆ ಪಂಪ್ ಇರುವ ಸಂಪು. ಇದರಲ್ಲಿ ಅತಿ ಮುಖ್ಯವಾದದ್ದು ಹಾಳೆಯಲ್ಲ, ಅದರ ಮೇಲೆ ನಿಲ್ಲುವ ನೀರಿನ ಎತ್ತರ.

ಬರೀ ಜೇಡಿಯ ಲೆಕ್ಕ ಹಾಕಿ ನೋಡಿ. ನೀರನ್ನು ಹರಿಯಬಿಡುವ ವಾಹಕತೆ ಸೆಕೆಂಡಿಗೆ ಸೆಂಟಿಮೀಟರಿನ ಕೋಟಿಯಲ್ಲೊಂದು ಭಾಗ. ಮೇಲೆ 30 ಸೆಂ.ಮೀ. ನೀರು ನಿಂತರೆ ಹೆಕ್ಟೇರಿಗೆ ದಿನಕ್ಕೆ ಸುಮಾರು 1,300 ಲೀಟರ್ ಇಳಿಯುತ್ತದೆ. ರಂಧ್ರಾಂಶ 40 ಶೇಕಡಾ ಎಂದುಕೊಂಡರೆ ಮೊದಲ ಹನಿ 60 ಸೆಂ.ಮೀ. ದಾಟಲು ಐದು ವರ್ಷ. ಪಂಪ್ ಕೆಟ್ಟು ನೀರು 3 ಮೀಟರಿಗೆ ಏರಿದರೆ ದಿನಕ್ಕೆ 5,200 ಲೀಟರ್, ಒಂದೂಕಾಲು ವರ್ಷ. ಮೇಲೆ ಹಾಳೆ ಕೂತರೆ ನೀರು ಇಳಿಯುವುದು ತೂತುಗಳಲ್ಲಿ ಮಾತ್ರ, ಆ ತೂತಿನ ಕೆಳಗೆ ಜೇಡಿ ಅಡ್ಡ ನಿಂತಿರುತ್ತದೆ. ಆದರೆ ಹಾಳೆ ಜೇಡಿಗೆ ಅಂಟಿ ಕೂರಬೇಕು. ಕಪ್ಪು ಹಾಳೆ ಬಿಸಿಲಿಗೆ ಹಿಗ್ಗಿ ಸುಕ್ಕೇಳುತ್ತದೆ. ಸುಕ್ಕಿನ ಮೇಲೆ ಒಂದು ತೂತು ಬಿದ್ದರೆ ನೀರು ಸುಕ್ಕಿನುದ್ದಕ್ಕೂ ಕೊಳವೆಯಲ್ಲಿ ಓಡಿದಂತೆ ಓಡಿ ಜೇಡಿಯನ್ನೆಲ್ಲ ನೆನೆಸುತ್ತದೆ. ಅದಕ್ಕೇ ಜಲ್ಲಿ ಹರಡುವ ಕೆಲಸ ಬೆಳಗಿನ ತಂಪಿನಲ್ಲಿ.

ಬೆಸುಗೆಯ ಪರೀಕ್ಷೆಯೂ ಗೊತ್ತಿರಲಿ. ಬಿಸಿ ಬೆಣೆಯ ಯಂತ್ರ ಎರಡು ಸಾಲು ಬೆಸುಗೆ ಹಾಕುತ್ತದೆ, ನಡುವೆ ಸಣ್ಣ ಗಾಳಿದಾರಿ ಉಳಿಯುತ್ತದೆ. ಎರಡು ತುದಿ ಮುಚ್ಚಿ ಸುಮಾರು 200 ಕಿಲೋಪಾಸ್ಕಲ್ ಗಾಳಿ ತುಂಬಿ 5 ನಿಮಿಷ ಮಾಪಕ ನೋಡುತ್ತಾರೆ. ಮುಳ್ಳು ಇಳಿಯಲಿಲ್ಲವೆಂದು ಎದ್ದು ಹೋಗುವುದು ತಪ್ಪು. ದೂರದ ತುದಿಯನ್ನು ಕತ್ತರಿಸಿ, ಮಾಪಕ ಸೊನ್ನೆಗೆ ಬೀಳುವುದನ್ನು ನೋಡಬೇಕು. ಬೀಳದಿದ್ದರೆ ಗಾಳಿದಾರಿ ನಡುವೆಲ್ಲೋ ಮುಚ್ಚಿದೆ, ಅರ್ಧ ಬೆಸುಗೆಯನ್ನಷ್ಟೇ ಪರೀಕ್ಷಿಸಿದ್ದೀರಿ. ಇಷ್ಟಾದರೂ ಹೆಚ್ಚಿನ ತೂತು ಬೀಳುವುದು ಆಮೇಲೆ, ಜಲ್ಲಿ ಹರಡುವ ಯಂತ್ರದಿಂದ. ಹಾಗಾಗಿ ಜಲ್ಲಿ ಹಾಕಿದ ನಂತರ ವಿದ್ಯುತ್ ವಿಧಾನದಲ್ಲಿ ಸೋರಿಕೆ ಹುಡುಕಿಸಬೇಕು: ಹಾಳೆ ವಿದ್ಯುತ್ ನಿರೋಧಕ, ಪ್ರವಾಹ ತೂತಿನಲ್ಲಷ್ಟೇ ದಾಟುತ್ತದೆ.

ಜಲ್ಲಿ 16–32 ಮಿ.ಮೀ. ಗಾತ್ರದ್ದಿರಲಿ, ಸುಣ್ಣಕಲ್ಲಿನದು ಬೇಡ. ಹೊಸ ಲೀಚೇಟಿನ ಹುಳಿಗೆ ಕರಗುತ್ತದೆ. ಸಣ್ಣ ಜಲ್ಲಿ, ಮರಳು ಹಾಕಿದಲ್ಲಿ ಜೀವಿಗಳ ಲೋಳೆಯೂ ಕ್ಯಾಲ್ಸಿಯಂ ಕಾರ್ಬೊನೇಟೂ ಸೇರಿ ಸಿಮೆಂಟಿನಂತೆ ಕಟ್ಟಿಕೊಳ್ಳುತ್ತದೆ. ಕೊಳವೆಯ ಎರಡೂ ತುದಿ ಮೇಲೆ ಬರುವಂತಿದ್ದರೆ ಮಾತ್ರ ನೀರಿನ ಜೆಟ್ಟಿನಿಂದ ವರ್ಷಕ್ಕೊಮ್ಮೆ ತೊಳೆಯಲು ಸಾಧ್ಯ.

ಪ್ರಶ್ನೆ: ನಮ್ಮ ಲೀಚೇಟ್ ಘಟಕ ಮೊದಲ ಮೂರು ವರ್ಷ ಚೆನ್ನಾಗಿತ್ತು. ಈಗ ಎಷ್ಟು ಗಾಳಿ ಊದಿದರೂ ಸಿಒಡಿ ಇಳಿಯದು, ತೊಟ್ಟಿಯ ಪಿಎಚ್ 6ಕ್ಕೆ ಬೀಳುತ್ತಿದೆ. (ಘಟಕದ ಆಪರೇಟರ್)

ಉತ್ತರ: ಘಟಕ ಕೆಟ್ಟಿಲ್ಲ, ಲೀಚೇಟಿಗೆ ವಯಸ್ಸಾಗಿದೆ. ಒಳಬರುವ ನೀರಿನ ಬಿಒಡಿಯನ್ನು (ಜೀವಿಗಳು ಕೊಳೆಯನ್ನು ತಿನ್ನಲು ಬಳಸುವ ಆಮ್ಲಜನಕ) ಸಿಒಡಿಯಿಂದ ಭಾಗಿಸಿ. ಎಳೆಯ ಲೀಚೇಟಿನಲ್ಲಿ ಇದು 0.5ರ ಆಸುಪಾಸು, ಸಿಒಡಿ ಹತ್ತಾರು ಸಾವಿರ ಮಿ.ಗ್ರಾಂ ಇದ್ದರೂ ಜೀವಿಗಳಿಗೆ ಊಟವದು. ಅನುಪಾತ 0.1ರ ಕೆಳಗೆ ಬಂದಿದ್ದರೆ ಉಳಿದಿರುವುದು ಹ್ಯೂಮಿಕ್ ಪದಾರ್ಥ, ಆ ಕಂದು ಬಣ್ಣದ್ದು, ಜೀವಿಗಳು ಮುಟ್ಟುವುದಿಲ್ಲ. ಬ್ಲೋವರ್ ಹೆಚ್ಚಿಸುವುದು, ಸಗಣಿ ನೀರು ಹಾಕುವುದು ದಂಡ.

ಪಿಎಚ್ ಬೀಳುವುದು ಅಮೋನಿಯಾ ನೈಟ್ರೇಟ್ ಆಗುವಾಗ. 1 ಮಿ.ಗ್ರಾಂ ಅಮೋನಿಯಾ ಸಾರಜನಕಕ್ಕೆ 7.14 ಮಿ.ಗ್ರಾಂ ಕ್ಷಾರೀಯತೆ, 4.57 ಮಿ.ಗ್ರಾಂ ಆಮ್ಲಜನಕ ಖರ್ಚು. ಒಳಬರುವಲ್ಲಿ 1,500 ಮಿ.ಗ್ರಾಂ ಇದ್ದರೆ 10,700 ಮಿ.ಗ್ರಾಂ ಕ್ಷಾರೀಯತೆ ಬೇಕು. ಸೋಡಾ ಸುರಿಯುವ ಮೊದಲು ಹೀಗೆ ಮಾಡಿ: ಗಾಳಿತೊಟ್ಟಿಯ ನೀರನ್ನು ಅದಕ್ಕೂ ಮೊದಲಿರುವ ಗಾಳಿಯಿಲ್ಲದ ತೊಟ್ಟಿಗೆ ಮರಳಿಸಿ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ. ಮುಗಿದ ಪ್ರತಿ ಮಿ.ಗ್ರಾಂಗೆ 3.57 ಮಿ.ಗ್ರಾಂ ಕ್ಷಾರೀಯತೆ, ಅಂದರೆ ಅರ್ಧ, ವಾಪಸ್ ಸಿಗುತ್ತದೆ. ಅದಕ್ಕೆ ಬೇಕಾದ ಇಂಗಾಲ ಹಳೆಯ ಲೀಚೇಟಿನಲ್ಲಿಲ್ಲ. ಮೆಥನಾಲ್ ಅಥವಾ ಕಾಕಂಬಿಯಿಂದ ಪ್ರತಿ ಗ್ರಾಂ ಸಾರಜನಕಕ್ಕೆ 4ರಿಂದ 6 ಗ್ರಾಂ ಸಿಒಡಿ ಕೊಡಬೇಕಾಗುತ್ತದೆ. ರಂಜಕವನ್ನೂ ಪರೀಕ್ಷಿಸಿ. ಲೀಚೇಟಿನಲ್ಲಿ ಅದು ಸದಾ ಬಡ, ನಾಲ್ಕು ಹನಿ ಫಾಸ್ಫಾರಿಕ್ ಆಮ್ಲದ ಕೊರತೆಯಿಂದ ಕೆಸರು ಕೂರದೆ ತೇಲುವುದುಂಟು.

ಸಿಒಡಿ ಸಂಖ್ಯೆಯೇ ಸುಳ್ಳಿರಬಹುದು ಎಂಬುದನ್ನೂ ನೆನಪಿಡಿ. ನೈಟ್ರೈಟ್ ಕೂಡಿಕೊಂಡಿದ್ದರೆ ಅದರ ಪ್ರತಿ ಮಿ.ಗ್ರಾಂ ಸಾರಜನಕ 1.1 ಮಿ.ಗ್ರಾಂ ಸಿಒಡಿಯಾಗಿ ತೋರುತ್ತದೆ. ಕ್ಲೋರೈಡ್ ಲೀಟರಿಗೆ 2,000 ಮಿ.ಗ್ರಾಂ ದಾಟಿದರೆ ಮಾದರಿಯನ್ನು ತೆಳು ಮಾಡದೆ ಪರೀಕ್ಷಿಸಿದ ಸಂಖ್ಯೆ ನಂಬಲರ್ಹವಲ್ಲ.

ಹ್ಯೂಮಿಕ್ ಭಾಗಕ್ಕೆ ಉಳಿದಿರುವುದು ಸಕ್ರಿಯ ಇಂಗಾಲ, ಓಝೋನ್, ಪಿಎಚ್ 3ರಲ್ಲಿ ಕಬ್ಬಿಣ-ಪೆರಾಕ್ಸೈಡಿನ ಫೆಂಟನ್ ಕ್ರಿಯೆ, ಇಲ್ಲವೇ ಆರ್‌ಒ. ಹತ್ತಿರದ ಚರಂಡಿ ನೀರಿನ ಘಟಕಕ್ಕೆ ಕಳಿಸುವುದಾದರೆ ಆ ಕಂದು ಬಣ್ಣ ಅವರ ಅತಿನೇರಳೆ ದೀಪದ ಬೆಳಕನ್ನು ಹೀರಿ ಕ್ರಿಮಿನಾಶವನ್ನೇ ಕೆಡಿಸುತ್ತದೆ ಎಂದು ಮೊದಲೇ ತಿಳಿಸಿ.

ಪ್ರಶ್ನೆ: ಸಂಪಿನ ಪಂಪ್ ಕಟ್ಟಿಕೊಂಡರೆ ಮೂಗಿಗೆ ಬಟ್ಟೆ ಕಟ್ಟಿ ಇಳಿಯಬಹುದೇ?

ಉತ್ತರ: ಬೇಡವೇ ಬೇಡ. ಹೈಡ್ರೋಜನ್ ಸಲ್ಫೈಡ್ ದಶಲಕ್ಷಕ್ಕೆ ನೂರು ಭಾಗ ದಾಟಿದರೆ ವಾಸನೆ ತಿಳಿಯುವ ಶಕ್ತಿಯೇ ಹೋಗುತ್ತದೆ. ‘ಈಗ ವಾಸನೆ ಇಲ್ಲ’ ಎಂಬುದೇ ಅಪಾಯದ ಗುರುತು. ಮೀಥೇನ್ 5ರಿಂದ 15 ಶೇಕಡಾ ಇದ್ದರೆ ಒಂದು ಕಿಡಿ ಸಾಕು. ಸರಪಳಿಯಿಂದ ಮೇಲೆತ್ತುವಂತೆ ಪಂಪ್ ಕೂರಿಸಿ.

ಪ್ರಶ್ನೆ: ಲೀಚೇಟನ್ನು ಮತ್ತೆ ಗುಡ್ಡೆಯ ಮೇಲೇ ಸುರಿದರೆ ಖರ್ಚು ಉಳಿಯುವುದಿಲ್ಲವೇ?

ಉತ್ತರ: ಮಿತಿಯಲ್ಲಿ ಮಾಡಿದರೆ ಕಸ ಬೇಗ ಕೊಳೆಯುತ್ತದೆ, ಬಿಒಡಿ ಇಳಿಯುತ್ತದೆ. ಅಮೋನಿಯಾ, ಉಪ್ಪು ಮಾತ್ರ ಸುತ್ತಿ ಸುತ್ತಿ ಹೆಚ್ಚುತ್ತವೆ. ಆರ್‌ಒ ಘಟಕದಲ್ಲಿ ಪೊರೆ ದಾಟದೆ ಉಳಿಯುವ ಕಾಲು ಭಾಗ ದಟ್ಟ ನೀರನ್ನು ಗುಡ್ಡೆಗೇ ಹಿಂದಿರುಗಿಸುವ ಕಡೆ ಕೆಲವು ವರ್ಷಗಳಲ್ಲಿ ವಾಹಕತೆ ಏರಿ ಪೊರೆಯ ಇಳುವರಿ ಕುಸಿಯುತ್ತದೆ. ಇನ್ನೊಂದು ಅಪಾಯ ಒಳಗಿನ ಒತ್ತಡ. 1997ರ ಸೆಪ್ಟೆಂಬರಿನಲ್ಲಿ ಕೊಲಂಬಿಯಾದ ಬೊಗೊಟಾ ನಗರದ ದೋನ್ಯಾ ಹುವಾನಾ ಲ್ಯಾಂಡ್‌ಫಿಲ್ ಕುಸಿದು ಲಕ್ಷಾಂತರ ಘನಮೀಟರ್ ಕಸ ಜಾರಿತು. ಅಲ್ಲಿ ಲೀಚೇಟನ್ನು ಒಳಕ್ಕೆ ಹಿಂದಿರುಗಿಸುತ್ತಿದ್ದರು. ಇಳಿಜಾರಿನ ಅಂಚಿನಿಂದ ದೂರದಲ್ಲಿ, ಒಳಗಿನ ನೀರಿನ ಮಟ್ಟ ಅಳೆಯುವ ಕೊಳವೆಗಳಿದ್ದರೆ ಮಾತ್ರ ಈ ಕೆಲಸಕ್ಕೆ ಕೈಹಾಕಿ.

ಪ್ರಶ್ನೆ: ಲೀಚೇಟ್ ಸೇರುವ ಕೆರೆಯಲ್ಲಿ ಮೀನು ಸಾಯುವುದು ಕೆಲವೊಮ್ಮೆ ನಸುಕಿನಲ್ಲಿ, ಕೆಲವೊಮ್ಮೆ ಇಳಿಹೊತ್ತಿನಲ್ಲಿ. ಏಕೆ?

ಉತ್ತರ: ಗಮನಿಸಿದ್ದು ಒಳ್ಳೆಯದಾಯಿತು, ಎರಡು ಬೇರೆ ಸಾವುಗಳಿವು. ನಸುಕಿನಲ್ಲಾದರೆ ಬಿಒಡಿ ರಾತ್ರಿಯಿಡೀ ಆಮ್ಲಜನಕ ತಿಂದುಹಾಕಿದೆ. ಇಳಿಹೊತ್ತಿನಲ್ಲಾದರೆ ಅಮೋನಿಯಾ. ಹಗಲು ಪಾಚಿ ಇಂಗಾಲಾಮ್ಲ ಹೀರಿ ಪಿಎಚ್ ಏರಿಸುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ ಅನಿಲ ಅರ್ಧ ಶೇಕಡಾ ಮಾತ್ರ. 8ರಲ್ಲಿ 5, 9ರಲ್ಲಿ 36 ಶೇಕಡಾ. ಬೆಳಿಗ್ಗೆ ಹತ್ತಕ್ಕೆ ತೆಗೆದ ಮಾದರಿಯಲ್ಲಿ ಎಲ್ಲ ಸರಿ ಇತ್ತು ಎನ್ನುವ ವರದಿಗೆ ಅರ್ಥವಿಲ್ಲ. ಮಧ್ಯಾಹ್ನ ಮೂರರ ಪಿಎಚ್ ಅಳೆಯಿರಿ.

ಪ್ರಶ್ನೆ: ಮನೆಯ ಕಾಂಪೋಸ್ಟ್ ಡಬ್ಬಿಯಿಂದ ತೊಟ್ಟಿಕ್ಕುವ ಕಂದು ನೀರೂ ಲೀಚೇಟೇ ಅಲ್ಲವೇ? ಗಿಡಕ್ಕೆ ಹಾಕಬಹುದೇ?

ಉತ್ತರ: ಹುಟ್ಟು ಒಂದೇ, ಗುಣ ಬೇರೆ, ತರಕಾರಿ ಸಿಪ್ಪೆಯ ನೀರಿನಲ್ಲಿ ಪಿಎಫ್‌ಎಎಸ್, ಬ್ಯಾಟರಿಯ ಲೋಹಗಳ ಭಯ ಕಡಿಮೆ. ಹುಳಿ ವಾಸನೆ ಇದ್ದರೆ ಸಾವಯವ ಆಮ್ಲ ತುಂಬಿದೆ, ಬೇರು ಸುಡುತ್ತದೆ; ಡಬ್ಬಿಗೇ ವಾಪಸ್ ಹಾಕಿ, ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ಒಣ ಎಲೆ ಸೇರಿಸಿ. ತೊಟ್ಟಿಕ್ಕುವುದೇ ನಿಲ್ಲುತ್ತದೆ. ಲ್ಯಾಂಡ್‌ಫಿಲ್ ಲೀಚೇಟನ್ನಂತೂ ಸಾರಜನಕವಿದೆ ಎಂದು ಹೊಲಕ್ಕೆ ಬಿಡಬೇಡಿ, ಸೋಡಿಯಂ ಸೇರಿ ಮಣ್ಣು ಗಟ್ಟಿ ಕಟ್ಟುತ್ತದೆ.

ಪ್ರಶ್ನೆ: ಲ್ಯಾಂಡ್‌ಫಿಲ್ ಮುಚ್ಚಿದ ಮೇಲೆ ಎಷ್ಟು ವರ್ಷ ನಿಗಾ ಇಡಬೇಕು?

ಉತ್ತರ: ಅಮೆರಿಕದ ನಿಯಮ 30 ವರ್ಷ ಎನ್ನುತ್ತದೆ; ಅಮೋನಿಯಾಕ್ಕೆ ಆ ಸಂಖ್ಯೆ ಗೊತ್ತಿಲ್ಲ. ಮುಚ್ಚಿದ ಮೇಲೆ ಪಂಪ್ ಓಡಿದ ಗಂಟೆ, ಸಂಪಿನ ಮಟ್ಟ, ವಾಹಕತೆ, ಅಮೋನಿಯಾ ಇವನ್ನು ಪುಸ್ತಕದಲ್ಲಿ ಬರೆಯುತ್ತ ಹೋಗಿ. ಹರಿವು ನಿಧಾನವಾಗಿ ಇಳಿಯುತ್ತ ಬಂದರೆ ಮುಚ್ಚಿಗೆ ಕೆಲಸ ಮಾಡುತ್ತಿದೆ. ಒಂದೇ ತಿಂಗಳಲ್ಲಿ ದಿಢೀರ್ ನಿಂತರೆ ಗುಡ್ಡೆಯೊಳಗಿನ ನೀರಿನ ಮಟ್ಟ ಅಳೆಯಿರಿ. ಅದು ಏರಿದ್ದರೆ ಲೀಚೇಟ್ ಮುಗಿದಿಲ್ಲ, ತಳದ ಕೊಳವೆ ಕಟ್ಟಿಕೊಂಡಿದೆ.